ಆತಕೂರಿನ ಹಿರಿಯ ಕೆರೆಯ ಕೆಳಗೆ

ಮಂಡ್ಯ ಸೀಮೆಯ ಚರಿತ್ರೆ ಅಂದರೆ ನಾಲಗೆಯ ತುದಿಗೆ ಬರುವ ಹೆಸರುಗಳು ಗೊತ್ತೇ ಇವೆ. ಶ್ರೀರಂಗಪಟ್ಟಣ, ಮೇಲುಕೋಟೆ, ಕನ್ನಂಬಾಡಿ ಕಟ್ಟೆ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಶಿವನಸಮುದ್ರ, 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಮದ್ದೂರಿನ ಶಿವಪುರ. ಇವುಗಳ ಬಗ್ಗೆ ನೀವು ಬೇಕಾದಷ್ಟು ಕೇಳಿದ್ದೀರಿ. ಇವತ್ತು ನಾನು ಹೇಳಹೊರಟಿರುವುದು ಇವುಗಳ ಸಾಲಿನಲ್ಲಿ ಯಾರೂ ಸೇರಿಸದ ಒಂದು ಊರಿನ ಮಾತು. ಮದ್ದೂರು ತಾಲ್ಲೂಕಿನ ಆತಕೂರು. ಜನರ ಬಾಯಲ್ಲಿ ಈಗ ಆತಗೂರು. ಹೋಬಳಿಯ ಹೆಸರಾಗಿ ಪಹಣಿ ಕಾಗದದ ಮೇಲೆ ಎಷ್ಟೋ ರೈತರು ದಿನವೂ ನೋಡುವ ಹೆಸರು ಇದು. ಸಾವಿರ ವರ್ಷಕ್ಕಿಂತ ಹಿಂದೆ ಈ ಊರಿನಲ್ಲಿ ಒಬ್ಬ ವೀರ ಒಂದು ಕಲ್ಲು ನಿಲ್ಲಿಸಿದ. ದಕ್ಷಿಣ ಭಾರತದ ಚರಿತ್ರೆ ಬರೆಯುವ ಯಾರೂ ಆ ಕಲ್ಲನ್ನು ದಾಟಿ ಮುಂದೆ ಹೋಗಲಾರರು.

ಕಲ್ಲಿನ ವಿಷಯಕ್ಕೆ ಮುಂಚೆ ಆ ನೆಲ ಹೇಗಿದೆ ಅನ್ನುವುದನ್ನು ಹೇಳಬೇಕು. ನೆಲ ಗೊತ್ತಿಲ್ಲದಿದ್ದರೆ ಆ ಕಲ್ಲು ಅರ್ಥವಾಗುವುದಿಲ್ಲ.

ತುಮಕೂರಿನ ದೇವರಾಯನದುರ್ಗದ ಬೆಟ್ಟಗಳ ಕಡೆ ಹುಟ್ಟುವ ಶಿಂಷಾ ನದಿ ತೆಂಕಣಕ್ಕೆ ಹರಿದು ಮದ್ದೂರು ಪಟ್ಟಣದ ಮಗ್ಗುಲಿಗೆ ಬರುತ್ತದೆ. ಅಲ್ಲಿಂದ ಮುಂದೆ ಮಳವಳ್ಳಿ ತಾಲ್ಲೂಕಿಗೆ ಇಳಿದು, ಶಿಂಷಾಪುರದ ಹತ್ತಿರ ಬಂಡೆಗಳ ಮೇಲಿಂದ ಧುಮುಕಿ ಕಾವೇರಿಯನ್ನು ಸೇರುತ್ತದೆ. ಈ ಹೊಳೆಯ ಎರಡೂ ಕಡೆಯ ಭೂಮಿ ಸಮತಟ್ಟಲ್ಲ. ಅಲೆಯಲೆಯಾಗಿ ಏರಿ ಇಳಿಯುತ್ತದೆ. ಏರಿನ ನೆತ್ತಿಯಲ್ಲಿ ಕಲ್ಲುಗುಡ್ಡ, ಅದರ ಮಗ್ಗುಲಲ್ಲಿ ಕೆಂಪು ಮಣ್ಣಿನ ಹೊಲ, ಇಳಿಜಾರಿನ ತಳದಲ್ಲಿ ಹಳ್ಳ. ಆ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರೆ ಅದೇ ಕೆರೆ. ಏರಿಯ ಕೆಳಗಡೆ ತೂಬಿನ ನೀರು ಹರಿಯುವಷ್ಟು ದೂರ ಗದ್ದೆ ಬಯಲು. ನಮ್ಮ ಕಡೆಯ ಹಳೆಯ ಊರುಗಳೆಲ್ಲ ಹೆಚ್ಚುಕಡಿಮೆ ಈ ಒಂದೇ ಅಚ್ಚಿನಲ್ಲಿ ಎದ್ದಿವೆ: ಮೇಲೆ ಗುಡ್ಡ, ನಡುವೆ ಊರು ಮತ್ತು ಗುಡಿ, ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ.

ಇವತ್ತು ಮಂಡ್ಯ ಅಂದರೆ ಕಬ್ಬು, ಭತ್ತ, ಬೆಲ್ಲದ ಆಲೆಮನೆ, ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಈ ಹಸಿರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ಕೃಷ್ಣರಾಜಸಾಗರದ ನೀರು ಹೊತ್ತ ವಿಶ್ವೇಶ್ವರಯ್ಯ ನಾಲೆ, ಆಗಿನ ಹೆಸರಿನಲ್ಲಿ ಇರ್ವಿನ್ ನಾಲೆ, ಈ ಕಡೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೂ ಹಿಂದೆ ಇದು ಮಳೆ ಮತ್ತು ಕೆರೆ ಎರಡನ್ನೇ ನಂಬಿದ ಸೀಮೆ. ಮುಂಗಾರು ಇಲ್ಲಿಗೆ ಬರುವ ಹೊತ್ತಿಗೆ ಪಶ್ಚಿಮಘಟ್ಟದಲ್ಲೇ ಅರ್ಧ ಸುರಿದು ಸೊರಗಿರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯೇ ಕೆರೆಗೆ ಆಧಾರ. ಕೆರೆ ತುಂಬಿ ಕೋಡಿ ಬಿದ್ದರೆ ಆ ವರ್ಷ ಅನ್ನ, ಬೀಳದಿದ್ದರೆ ರಾಗಿ. ಹತ್ತನೆಯ ಶತಮಾನದ ಆತಕೂರನ್ನು ನೋಡಬೇಕಾದರೆ ನಾಲೆಗಳನ್ನೂ ಕಬ್ಬನ್ನೂ ಮನಸ್ಸಿನಿಂದ ತೆಗೆದುಹಾಕಿ. ಒಂದು ದೊಡ್ಡ ಕೆರೆ, ಅದರ ಕೆಳಗೆ ಒಂದಿಷ್ಟು ಗದ್ದೆ, ಒಂದು ಶಿವನ ಗುಡಿ, ಸುತ್ತ ಬೆದ್ದಲು, ಅದರಾಚೆ ಕುರುಚಲು ಕಾಡು, ಕಾಡಿನಲ್ಲಿ ಹಂದಿ. ಇದು ನನ್ನ ಊಹೆಯಲ್ಲ. ಇದರಲ್ಲಿ ಕೆರೆ, ಗದ್ದೆ, ಗುಡಿ, ಹಂದಿ ನಾಲ್ಕೂ ಆ ಕಲ್ಲಿನ ಮೇಲೆಯೇ ಇವೆ.

ಈಗ ಕಲ್ಲಿನ ಮಾತು.

ಶಕವರ್ಷ 872, ಸೌಮ್ಯ ಸಂವತ್ಸರ. ನಮ್ಮ ಲೆಕ್ಕದಲ್ಲಿ ಕ್ರಿ.ಶ. 949–50. ಮಳಖೇಡದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ ಕಾಲ. ಶಾಸನಗಳು ಅವನನ್ನು ಕನ್ನರದೇವ ಅನ್ನುತ್ತವೆ. ಕನ್ನಡ ಸಾಹಿತ್ಯ ಓದಿದವರಿಗೆ ಇನ್ನೂ ಹತ್ತಿರದ ಗುರುತು ಬೇಕಾದರೆ, ಪಂಪ ತನ್ನ ಭಾರತವನ್ನು ಮುಗಿಸಿ ಹತ್ತು ವರ್ಷವೂ ಆಗಿರಲಿಲ್ಲ. ಪೊನ್ನ ಇದೇ ಕೃಷ್ಣನ ಆಶ್ರಯದ ಕವಿ. ನಮ್ಮ ಸೀಮೆ ಗಂಗವಾಡಿ. ಅದನ್ನು ಆಳುತ್ತಿದ್ದವನು ಗಂಗರ ಇಮ್ಮಡಿ ಬೂತುಗ. ಅಣ್ಣ ರಾಚಮಲ್ಲನನ್ನು ಕೊಂದು ಪಟ್ಟಕ್ಕೆ ಬಂದವನು; ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾಗಿ ರಾಷ್ಟ್ರಕೂಟರಿಗೆ ಭಾವನೂ ಆದವನು.

ಆ ಹೊತ್ತಿಗೆ ಕೃಷ್ಣ ಮತ್ತು ಬೂತುಗ ಸೇರಿ ಚೋಳರ ಮೇಲೆ ದಂಡೆತ್ತಿ ಹೋಗಿದ್ದರು. ಚೋಳ ಪರಾಂತಕನ ಮಗ ರಾಜಾದಿತ್ಯ ಅವರನ್ನು ತಕ್ಕೋಲದಲ್ಲಿ ಎದುರಿಸಿದ. ತಕ್ಕೋಲ ಈಗ ತಮಿಳುನಾಡಿನಲ್ಲಿ ಅರಕ್ಕೋಣದ ಹತ್ತಿರ ಇದೆ. ಮದ್ದೂರಿನಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಆ ಕಾಳಗದಲ್ಲಿ ರಾಜಾದಿತ್ಯ ಆನೆಯ ಮೇಲೆ ಕುಳಿತಿದ್ದಂತೆಯೇ ಸತ್ತ. ಆತಕೂರಿನ ಕಲ್ಲು ಹೇಳುವ ಪ್ರಕಾರ ಅವನನ್ನು ಸುರಗಿಯಿಂದ, ಅಂದರೆ ಕಿರುಗತ್ತಿಯಿಂದ ಇರಿದು ಕೊಂದವನು ಬೂತುಗ. ಚೋಳರ ಕಡೆಯ ಮಾತೇ ಬೇರೆ. ಲೈಡನ್ ತಾಮ್ರಶಾಸನ ಎಂದೇ ಹೆಸರಾದ ಚೋಳ ಶಾಸನದಲ್ಲಿ ಅವನು ಬಾಣಗಳಿಗೆ ಸಿಕ್ಕಿ ಆನೆಯ ಮೇಲೆಯೇ ವೀರಸ್ವರ್ಗ ಸೇರಿದ ಎಂದಿದೆ. ತಮಿಳು ಶಾಸನಗಳು ಅವನನ್ನು ‘ಆನೆಯ ಮೇಲೆ ಮಲಗಿದ ದೇವರು’ ಎಂಬರ್ಥದ ಹೆಸರಿನಿಂದಲೇ ನೆನೆಯುತ್ತವೆ. ಗೆದ್ದವರ ಕಲ್ಲು ಒಂದು ಹೇಳುತ್ತದೆ, ಸೋತವರ ತಾಮ್ರ ಇನ್ನೊಂದು ಹೇಳುತ್ತದೆ; ಆನೆಯ ಮೇಲಿನ ಸಾವನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ.

ಈ ಕಾಳಗದಲ್ಲಿ ಬೂತುಗನ ಪಕ್ಕದಲ್ಲಿ ಮಣಲೇರ ಅನ್ನುವ ವೀರನಿದ್ದ. ಸಗರ ವಂಶದವನು, ವಲಭಿ ಪುರದ ಒಡೆಯರ ಬಳಿಯವನು ಎಂದು ಶಾಸನ ಅವನನ್ನು ಹೊಗಳುತ್ತದೆ. ಅವನು ಕಾದಿದ ರೀತಿಗೆ ಚಕ್ರವರ್ತಿ ಕೃಷ್ಣ ಮೆಚ್ಚಿದ. ಏನು ಬೇಕೋ ಬೇಡಿಕೋ ಎಂದ.

ಇಲ್ಲಿ ಸ್ವಲ್ಪ ನಿಲ್ಲೋಣ. ಮಳಖೇಡದ ಚಕ್ರವರ್ತಿ, ಕಂಚಿಯನ್ನೂ ತಂಜಾವೂರನ್ನೂ ಗೆದ್ದವನೆಂದು ಬಿರುದು ಹೊತ್ತವನು, ತನ್ನ ಬಾಯಾರೆ ವರ ಕೊಡುತ್ತಿದ್ದಾನೆ. ಬೇಡುವವನು ನಾಡು ಕೇಳಬಹುದು, ಆನೆ ಕುದುರೆ ಕೇಳಬಹುದು, ಹೊನ್ನು ಕೇಳಬಹುದು. ಮಣಲೇರ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಕೃಷ್ಣನ ಬಳಿ ಇದ್ದ ಬೇಟೆನಾಯಿ. ದಯಮಾಡಿ ಅದನ್ನು ಕೊಡಿ ಎಂದು ಕೇಳಿದ, ದೊರೆ ಕೊಟ್ಟ.

ಕಾಳಿ ಮಣಲೇರನ ಜತೆ ಈ ಸೀಮೆಗೆ ಬಂತು. ಕೆಳಲೆ ನಾಡಿನ ಬೆಳ್ತೂರು ಎಂಬ ಊರಿನ ಪಡುವಣ ದಿಕ್ಕಿನ ಕಲ್ಲುಮೊರಡಿಯಲ್ಲಿ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಶಾಸನ ಈ ಸಾವಿನ ಮೇಲೆ ಒಂದು ವಿಶೇಷಣವನ್ನೂ ಹೇರುವುದಿಲ್ಲ. ರಾಜರ ಬಿರುದುಗಳನ್ನು ಸಾಲುಗಟ್ಟಿ ಹೇಳಿದ ಅದೇ ಕೈ ಇಲ್ಲಿಗೆ ಬಂದಾಗ ನಡೆದದ್ದನ್ನಷ್ಟೇ ಕೆತ್ತಿ ಸುಮ್ಮನಾಗುತ್ತದೆ. ಮಣಲೇರನ ಸಂಕಟ ಎಷ್ಟಿತ್ತು ಅನ್ನುವುದು ಅವನು ಮಾಡಿದ ಕೆಲಸದಿಂದ ತಿಳಿಯುತ್ತದೆ. ಆತಕೂರಿನ ಚಲ್ಲೇಶ್ವರ ದೇವರ ಮುಂದೆ ಕಾಳಿಗಾಗಿ ಕಲ್ಲು ನೆಡಿಸಿದ.

ನಮ್ಮ ಕಡೆ ವೀರಗಲ್ಲುಗಳು ಅಪರೂಪವಲ್ಲ. ಕೆರೆ ಏರಿಯ ಮೇಲೆ, ಮಾರಿಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಅರ್ಧ ಹೂತು ನಿಂತಿರುತ್ತವೆ. ತುರು ಕಾಯ್ದು ಸತ್ತವರು, ಊರಳಿವಿನಲ್ಲಿ ಮಡಿದವರು, ಹುಲಿಯೊಡನೆ ಸೆಣಸಿದವರು. ಕೆಳಗೆ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗ ಅಥವಾ ಸ್ವರ್ಗ, ಇದು ಅವುಗಳ ರೂಢಿಯ ಚಿತ್ರ. ಆತಕೂರಿನ ಕಲ್ಲಿನಲ್ಲಿ ಅದು ಯಾವುದೂ ಇಲ್ಲ. ಮೇಲ್ಭಾಗದಲ್ಲಿ ಒಂದು ನಾಯಿ, ಒಂದು ಹಂದಿ, ಎರಡೂ ಮೈಮೇಲೆ ಬಿದ್ದು ಕಚ್ಚಾಡುತ್ತಿವೆ. ಉಳಿದ ಕಲ್ಲಿನ ತುಂಬ ಹತ್ತನೆಯ ಶತಮಾನದ ದುಂಡು ಕನ್ನಡ ಅಕ್ಷರ. ಸಾಮ್ರಾಜ್ಯದ ಹಣೆಬರಹ ತಿರುಗಿಸಿದ ಯುದ್ಧದ ಒಂದು ಚಿತ್ರವೂ ಆ ಕಲ್ಲಿನಲ್ಲಿಲ್ಲ. ಅದು ಬರಹದಲ್ಲಿ ಮಾತ್ರ ಇದೆ.

ಚರಿತ್ರೆಯ ಪುಸ್ತಕಗಳು ಈ ಕಲ್ಲನ್ನು ತಕ್ಕೋಲದ ಕಾಳಗಕ್ಕೆ ಸಾಕ್ಷಿ ಎಂದು ಉದ್ಧರಿಸಿ, ನಾಯಿಯ ಕಥೆಯನ್ನು ಒಂದು ಸ್ವಾರಸ್ಯದ ಸಂಗತಿಯಾಗಿ ಅಡಿಟಿಪ್ಪಣಿಗೆ ತಳ್ಳುತ್ತವೆ. ನನಗೆ ಇದು ತಲೆಕೆಳಗಾದ ಓದು ಅನಿಸುತ್ತದೆ. ಕಾಳಿ ಸತ್ತಿತು, ಅದಕ್ಕೆ ಕಲ್ಲು ಬೇಕಾಯಿತು. ಕಾಳಿ ಮಣಲೇರನಿಗೆ ಸಿಕ್ಕಿದ್ದು ಹೇಗೆ ಎಂದು ಹೇಳಬೇಕಾಯಿತು. ಅದಕ್ಕಾಗಿ ತಕ್ಕೋಲ ಬಂತು, ರಾಜಾದಿತ್ಯ ಬಂದ, ಬೂತುಗ ಬಂದ. ಬೂತುಗನಿಗೆ ಕೃಷ್ಣ ಮೆಚ್ಚಿ ಕೊಟ್ಟ ಬನವಾಸಿ ಹನ್ನೆರಡುಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು, ಈ ನಾಡುಗಳ ಪಟ್ಟಿಯೂ ಹಿಂದೆಯೇ ಬಂತು. ಇಷ್ಟು ನಾಡುಗಳು ಕೈಬದಲಾದ ಸುದ್ದಿ ನಮಗೆ ಇಷ್ಟು ವಿವರವಾಗಿ ಉಳಿದಿರುವುದು ಮದ್ದೂರಿನ ಮೊರಡಿಯೊಂದರಲ್ಲಿ ಒಂದು ನಾಯಿ ಹಂದಿಗೆ ಹೆದರದೆ ನುಗ್ಗಿದ್ದಕ್ಕೆ.

ಕಲ್ಲು ಆತಕೂರಿನಲ್ಲೇ ಯಾಕೆ? ಇದಕ್ಕೂ ಶಾಸನದಲ್ಲಿ ಉತ್ತರವಿದೆ. ಬೂತುಗ ತನ್ನ ವೀರ ಮಣಲೇರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟ. ವೀರನ ಕತ್ತಿಯನ್ನು ತೊಳೆದು ಕೊಡುವ ಉಂಬಳಿ ಅದು. ಬೆಳ್ವೊಲದಲ್ಲಿಯೂ ಒಂದು ಊರು ಅವನಿಗೆ ಸಿಕ್ಕಿತು. ಆತಕೂರು ಹನ್ನೆರಡು ಅಂದರೆ ಆತಕೂರನ್ನು ತಲೆಯಾಗಿ ಇಟ್ಟುಕೊಂಡ ಹನ್ನೆರಡು ಹಳ್ಳಿಗಳ ಗುಂಪು. ಸಾವಿರದ ಎಪ್ಪತ್ತು ವರ್ಷ ದಾಟಿದರೂ ಆತಗೂರು ಇವತ್ತಿಗೂ ಸುತ್ತಲ ಹಳ್ಳಿಗಳಿಗೆ ಹೋಬಳಿ. ರಾಜರು ಹೋದರು, ಸುಲ್ತಾನರು ಹೋದರು, ಕಮಿಷನರುಗಳು ಹೋದರು, 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಮಂಡ್ಯವೇ ಜಿಲ್ಲೆಯಾಯಿತು. ಇಷ್ಟೆಲ್ಲದರ ನಡುವೆ ಒಂದು ಸಣ್ಣ ಊರು ತನ್ನ ಸುತ್ತಲ ಹಳ್ಳಿಗಳಿಗೆ ತಲೆಯೂರಾಗಿಯೇ ಇರುವುದು ನನ್ನ ಕಣ್ಣಿಗೆ ದೊಡ್ಡ ಸಂಗತಿ.

ನನಗೆ ಶಾಸನದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವ ಭಾಗ ಇನ್ನೂ ಬಾಕಿಯಿದೆ. ಮಣಲೇರ ಕಲ್ಲು ನೆಟ್ಟು ಹೊರಟುಹೋಗಲಿಲ್ಲ. ಆ ಕಲ್ಲಿಗೆ ನಾಳೆ ಯಾರು ದೀಪ ಹಚ್ಚುತ್ತಾರೆ ಎಂದು ಯೋಚಿಸಿದ. ಊರಿನ ಹಿರಿಯ ಕೆರೆಯ ಕೆಳಗೆ ಮಳ್ತಿಕಾಳಂಗ ಎಂಬ ಬಯಲಿನಲ್ಲಿ ಎರಡು ಕಂಡುಗ ಮಣ್ಣು ಬಿಟ್ಟ. ಕಂಡುಗ ಅಂದರೆ ಇಪ್ಪತ್ತು ಕೊಳಗ. ಎರಡು ಕಂಡುಗ ಬಿತ್ತನೆ ಹಿಡಿಯುವಷ್ಟು ಗದ್ದೆ ಎಂದರ್ಥ. ಬೆದ್ದಲನ್ನು ಕೊಡಲಿಲ್ಲ, ಕೆರೆಯ ಕೆಳಗಿನ ನೀರಾವರಿ ಭೂಮಿಯನ್ನೇ ಕೊಟ್ಟ. ಮಳೆ ಕೈಕೊಟ್ಟ ವರ್ಷವೂ ಪೂಜೆ ನಿಲ್ಲಬಾರದು ಎಂಬ ಲೆಕ್ಕ ಅದರಲ್ಲಿದೆ. ಈ ಸೀಮೆಯ ನೆಲ ಗೊತ್ತಿದ್ದವನು ಮಾತ್ರ ಮಾಡುವ ಲೆಕ್ಕ.

ಮುಂದೆ ಶಾಪಾಶಯ. ಸಾಮಾನ್ಯವಾಗಿ ದಾನಶಾಸನಗಳ ಕೊನೆಯಲ್ಲಿ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಎಂಬ ಮಾತು ಬರುತ್ತದೆ. ಇಲ್ಲಿ ಅದಿಲ್ಲ. ಈ ಮಣ್ಣನ್ನು ಅಳಿದವನಿಗೆ ಆ ನಾಯಿ ಮಾಡಿದ ಪಾಪ ತಗಲುತ್ತದೆ ಎಂದಿದೆ. ಯಾರಿಗೆ ಹೇಳಿದ್ದು? ಒಕ್ಕಲಿಗೆ, ನಾಡನ್ನು ಆಳುವವನಿಗೆ, ಊರನ್ನು ಆಳುವವನಿಗೆ. ಉಳುವವನಿಂದ ಅಧಿಕಾರದವರೆಗೆ ಮೂರೂ ಮೆಟ್ಟಿಲಿನವರನ್ನು ಹೆಸರಿಸಿ ಕಟ್ಟಿಹಾಕಿದ್ದಾನೆ. ಇನ್ನು ಗುಡಿಯ ಸ್ಥಾನ ನೋಡಿಕೊಳ್ಳುವ ಗೊರವನಿಗೆ, ಅಂದರೆ ಆಗಿನ ಶೈವ ಪೂಜಾರಿಗೆ, ಬೇರೆಯೇ ಷರತ್ತು: ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ದಿನವೂ ಊಟಕ್ಕೆ ಕೂರುವ ಮುಂಚೆ ಒಬ್ಬ ಪೂಜಾರಿ ಒಂದು ನಾಯಿಯ ಕಲ್ಲಿಗೆ ಹೂ ಇಡಬೇಕು. ಎಂಥ ಪ್ರೀತಿ ಇದ್ದಿರಬೇಕು ಯೋಚಿಸಿ.

ಸತ್ತವರ ಕಲ್ಲನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಎಲ್ಲ ಕಾಲಕ್ಕೂ ಎಲ್ಲ ನಾಡಿಗೂ ಬಂದದ್ದೇ. ಉತ್ತರ ಫ್ರಾನ್ಸಿನಲ್ಲಿ ನವ್ ಶಾಪೆಲ್ ಎಂಬ ಪುಟ್ಟ ಹಳ್ಳಿಯಿದೆ. ಸಪಾಟಾದ, ಕಾಲುವೆಗಳಿಂದ ನೀರು ಬಸಿಯುವ ಹೊಲಗಳ ನಡುವಿನ ಊರು. ಮೊದಲ ಮಹಾಯುದ್ಧದ ಹೊತ್ತಿಗೆ, 1915ರ ಮಾರ್ಚ್ 10ರಿಂದ 13ರವರೆಗೆ ಅಲ್ಲಿ ನಡೆದ ಕಾಳಗದಲ್ಲಿ ಹಿಂದೂಸ್ತಾನದ ಸಿಪಾಯಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತರು. 1927ರಲ್ಲಿ ಅಲ್ಲಿ ಒಂದು ಸ್ಮಾರಕ ಎದ್ದಿತು. ಅಶೋಕನ ಸ್ತಂಭಗಳನ್ನು ನೆನಪಿಸುವ ಕಂಬ, ಅದರ ಸುತ್ತ ಗುಂಡನೆಯ ಗೋಡೆ, ಗೋಡೆಯ ಮೇಲೆ ಗುರುತಿಸಬಲ್ಲ ಸಮಾಧಿಯೇ ಇಲ್ಲದ 4,700ಕ್ಕೂ ಹೆಚ್ಚು ಭಾರತೀಯ ಯೋಧರ ಹೆಸರು. ಆ ಜಾಗವನ್ನು ಇವತ್ತಿಗೂ ಯುದ್ಧಸಮಾಧಿ ಆಯೋಗ ಗುಡಿಸಿ ಸಾರಿಸಿ ಇಟ್ಟುಕೊಂಡಿದೆ. ಅಲ್ಲಿ ಒಂದು ಆಯೋಗ ಮಾಡುವ ಕೆಲಸವನ್ನು ಇಲ್ಲಿ ಎರಡು ಕಂಡುಗ ಗದ್ದೆ ಮಾಡಬೇಕೆಂದು ಮಣಲೇರ ಗೊತ್ತುಮಾಡಿದ್ದ. ತಕ್ಕೋಲದಲ್ಲಿ ಸತ್ತ ಗಂಗವಾಡಿಯ ಕಾಲಾಳುಗಳ ಹೆಸರನ್ನು ಬರೆಯುವ ಗೋಡೆ ಮಾತ್ರ ನಮ್ಮಲ್ಲಿ ಏಳಲಿಲ್ಲ. ಅವರೂ ಇದೇ ಹಳ್ಳಿಗಳ ಮಕ್ಕಳೇ ಇದ್ದಿರಬೇಕು. ಆ ಯುದ್ಧದ ನೆನಪಿನ ಕಲ್ಲಿನಲ್ಲಿ ಹೆಸರು ಸಿಕ್ಕಿದ್ದು ದೊರೆಗಳಿಗೆ, ಒಬ್ಬ ವೀರನಿಗೆ, ಒಂದು ನಾಯಿಗೆ.

ಮುಂದಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ತಕ್ಕೋಲದ ಗೆಲುವು ಐವತ್ತು ಅರವತ್ತು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. ರಾಷ್ಟ್ರಕೂಟರು ಅಳಿದರು, ಚೋಳರು ರಾಜರಾಜನ ಕಾಲಕ್ಕೆ ಮತ್ತೆ ಎದ್ದು ಸುಮಾರು 1004ರಲ್ಲಿ ಗಂಗರ ತಲಕಾಡನ್ನೇ ಹಿಡಿದರು. ಮಳವಳ್ಳಿಯ ಪಕ್ಕದ ಮಾರೆಹಳ್ಳಿಯ ನರಸಿಂಹ ದೇವಾಲಯ ಆ ಚೋಳರ ಕಾಲದ್ದು; ಮಂಡ್ಯ ಸೀಮೆಯ ಎಷ್ಟೋ ಗುಡಿಗಳ ಗೋಡೆಯಲ್ಲಿ ತಮಿಳು ಶಾಸನಗಳಿರುವುದು ಇದೇ ಕಾರಣಕ್ಕೆ. ನೂರು ವರ್ಷ ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಮರಳಿ ಗೆದ್ದು ತಲಕಾಡುಗೊಂಡ ಎನಿಸಿಕೊಂಡ. ಆತಕೂರಿನ ಕಲ್ಲು ಇದೆಲ್ಲ ಮುಗಿಯುವವರೆಗೂ ಚಲ್ಲೇಶ್ವರನ ಮುಂದೆಯೇ ಇತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಊರೂರಿನ ಶಾಸನಗಳನ್ನು ಪ್ರತಿ ತೆಗೆಸಿದಾಗ ಈ ಕಲ್ಲು ಹೊರಜಗತ್ತಿಗೆ ತಿಳಿಯಿತು. ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಇದು ಮಂಡ್ಯ ತಾಲ್ಲೂಕಿನ 41ನೆಯ ಶಾಸನ, ಮದ್ದೂರು ಆಗ ಮಂಡ್ಯ ತಾಲ್ಲೂಕಿಗೇ ಸೇರಿತ್ತು. ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯ ಇಂಡಿಕ’ದಲ್ಲಿ ಸಾಲುಸಾಲಾಗಿ ಇದನ್ನು ಓದಿ ವ್ಯಾಖ್ಯಾನಿಸಿದರು. ಆಮೇಲೆ ಕಲ್ಲು ಊರು ಬಿಟ್ಟಿತು. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಬೇಗೂರಿನ ಪ್ರಸಿದ್ಧ ವೀರಗಲ್ಲು ಇರುವ ಸೂರಿನಡಿಯೇ ಇದೆ.

ಊರು ಬಿಟ್ಟದ್ದು ಸರಿಯೇ ಎಂದು ಕೇಳುವವರಿದ್ದಾರೆ. ಮಳೆ ಗಾಳಿಗೆ ಅಕ್ಷರ ಸವೆಯುವುದರಿಂದ, ಕಲ್ಲಿಗಾಗಿ ಹೊಂಚುವವರ ಕೈಯಿಂದ ಅದು ಉಳಿಯಿತು. ಅಷ್ಟರಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ಸಂಗ್ರಹಾಲಯದ ನೆರಳಿನಲ್ಲಿ ಆ ಕಲ್ಲಿಗೆ ಕೆರೆಯಿಲ್ಲ, ಕೆರೆಯ ಕೆಳಗಿನ ಮಣ್ಣಿಲ್ಲ, ಪಡುವಣ ಮೊರಡಿಯಿಲ್ಲ. ಅರ್ಧ ಶಾಸನ ಬೆಂಗಳೂರಿನಲ್ಲಿದೆ, ಇನ್ನರ್ಧ ಮದ್ದೂರು ತಾಲ್ಲೂಕಿನ ನೆಲದಲ್ಲಿದೆ ಅಂದರೆ ತಪ್ಪಾಗಲಾರದು. ಆ ನೆಲದಲ್ಲಿರುವ ಅರ್ಧವನ್ನು ಕಾಯುವುದು ಕಲ್ಲು ಕಾಯುವುದಕ್ಕಿಂತ ಕಷ್ಟ. ಹೂಳು ತುಂಬಿದ ಕೆರೆಗಳು, ಜಾಲಿ ಬೆಳೆದ ಏರಿಗಳು, ಒತ್ತುವರಿಯಾದ ಕೋಡಿಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಾಲೆಯ ನೀರು ಬಂದ ಮೇಲೆ ಹಳೆಯ ಕೆರೆಯನ್ನು ಯಾರೂ ತಿರುಗಿ ನೋಡಲಿಲ್ಲ. ಕಲ್ಲಿನ ಶಾಸನವನ್ನು ಇಷ್ಟು ಜೋಪಾನ ಮಾಡಿದವರು, ಅದರಲ್ಲಿ ಹೆಸರಿಟ್ಟು ಹೇಳಿದಂಥ ಕೆರೆಗಳನ್ನೂ ಅಷ್ಟೇ ಜೋಪಾನ ಮಾಡಬೇಡವೇ?

ಈ ಮಾತು ಕೇಳುತ್ತಿರುವ ಶಾಲಾ ಮೇಷ್ಟರುಗಳಲ್ಲಿ, ಮೇಡಮ್ಮುಗಳಲ್ಲಿ ನನ್ನದೊಂದು ಕೋರಿಕೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ‘ಎಪಿಗ್ರಾಫಿಯ ಕರ್ನಾಟಿಕ’ವನ್ನು ಪರಿಷ್ಕರಿಸಿ ಪ್ರಕಟಿಸಿದೆ. ಅದರ 7ನೆಯ ಸಂಪುಟದಲ್ಲಿ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಸನಗಳೆಲ್ಲ ಊರುಗಳ ಪ್ರಕಾರ ಕನ್ನಡ ಲಿಪಿಯಲ್ಲೇ ಇವೆ. ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ನಿಮ್ಮ ಊರಿನ ಹೆಸರು ಅದರಲ್ಲಿದೆಯೇ ನೋಡಿ. ಇದ್ದರೆ, ರಾಜನ ಬಿರುದುಗಳನ್ನು ಸ್ವಲ್ಪ ಪಕ್ಕಕ್ಕಿಟ್ಟು, ದಾನದ ಭೂಮಿಯ ಎಲ್ಲೆ ಹೇಳುವ ಸಾಲುಗಳನ್ನು ಮಕ್ಕಳಿಂದ ಓದಿಸಿ. ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಗುಡ್ಡ, ಯಾವ ಕೆರೆಯ ಯಾವ ತೂಬು ಎಂದು ಅಲ್ಲಿರುತ್ತದೆ. ಆಮೇಲೆ ಗ್ರಾಮ ಆಡಳಿತಾಧಿಕಾರಿಗಳ ಹತ್ತಿರ ಇರುವ ಊರಿನ ನಕಾಶೆ ಹಿಡಿದು ಅದೇ ಮಕ್ಕಳ ಜತೆ ಏರಿಯ ಮೇಲೆ ಒಂದು ಸುತ್ತು ಬನ್ನಿ. ಆತಗೂರು ಹೋಬಳಿಯವರಾದರೆ ಪುಸ್ತಕ ಹುಡುಕುವ ಮೊದಲೇ ನಿಮಗೆ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗಿದೆ: ಹಿರಿಯ ಕೆರೆಯ ಕೆಳಗಿನಿಂದ.